ಹತ್ತೊಂಬತ್ತು, ನಲವತ್ತಾರು

ಜನವರಿ 7, 2013, ಸೋಮವಾರ

ಯುಪಿಎಸ್ ಕಂಪನಿಯವರು ಹೊಸ ವರ್ಷಕ್ಕೆಂದು ಕೊಟ್ಟ ಡೈರಿ ಒಂದು ವಾರದಿಂದ ಮೇಜಿನ ಮೇಲೆ ಬಿದ್ದಿತ್ತು. ಬರೆಯುವುದಕ್ಕೆ ಏನೂ ಇರಲಿಲ್ಲ. ಇವತ್ತು ಇದೆ. ಯಾರ ಹತ್ತಿರವೂ ಹೇಳಿಕೊಳ್ಳುವ ವಿಷಯವಲ್ಲ, ಹಾಗಾಗಿ ಇಲ್ಲಿ.

ಹೊಸ ಹುಡುಗಿ ಬಂದಿದ್ದಾಳೆ. ಹೆಸರು ಶಾಂಭವಿ, ಶಹಾಪುರದ ಕಡೆಯವಳು, ಎಂ.ಟೆಕ್. ಮಾರ್ಚ್ ಕೊನೆಯವರೆಗೆ ಕಾಂಟ್ರಾಕ್ಟ್. ಅಷ್ಟರೊಳಗೆ ಕೆಲಸ ಮಾಡಿ ತೋರಿಸಿದರೆ ಇನ್ನೆರಡು ವರ್ಷ, ಇಲ್ಲದಿದ್ದರೆ ಮನೆಗೆ. ನಮ್ಮ ಲ್ಯಾಬಿನ ಮುಖ್ಯಸ್ಥರಾದ ಹನುಮಂತಯ್ಯ ಸಾರ್ ಅವಳನ್ನು ಪ್ರಯೋಗದ ಹಾಲಿಗೆ ಕರೆತಂದು, "ಇವರು ವನಜಾ, ನಮ್ಮ ಟೆಸ್ಟ್‌ಬೆಡ್ ನೋಡ್ಕೊಳ್ತಾರೆ" ಎಂದು ಪರಿಚಯಿಸಿದರು. ನೋಡಿಕೊಳ್ಳುತ್ತಾರಂತೆ! ನೋಡಿಕೊಳ್ಳುವುದಕ್ಕೆ ಇದೇನು ಸ್ಕೂಟರ್ ಸ್ಟ್ಯಾಂಡೇ? ವೈಟ್‌ಫೀಲ್ಡಿನ ಈ ಹಳೆಯ ಕಾರ್ಖಾನೆ ಶೆಡ್ಡಿನಲ್ಲಿ ಎಂಟು ಸಾಲು, ಸಾಲಿಗೆ ಎಂಟರಂತೆ ಅರವತ್ತನಾಲ್ಕು ರೇಡಿಯೋ ಪೆಟ್ಟಿಗೆಗಳನ್ನು ಏಣಿ ಹತ್ತಿ ಚಾವಣಿಗೆ ನೇತುಹಾಕಿದವಳು ನಾನು. ದೇಶದ ಯಾವ ಮೂಲೆಯ ಕಾಲೇಜಿನವರಾದರೂ ತಾವು ಕೂತಲ್ಲಿಂದಲೇ ಗಂಟೆ ಲೆಕ್ಕದಲ್ಲಿ ಸಮಯ ಕಾದಿರಿಸಿಕೊಂಡು, ಮುಂದೆ ಬರುವ ಇಂಟರ್ನೆಟ್ ಹೇಗಿರಬೇಕು, ವೈರ್‌ಲೆಸ್ ಹೇಗಿರಬೇಕು ಎಂದು ಈ ಪೆಟ್ಟಿಗೆಗಳ ಮೇಲೆ ಪ್ರಯೋಗ ಮಾಡುತ್ತಾರೆ. ಸಮಯ ಹಂಚುವವಳೂ ನಾನೇ. ನನ್ನದು ಬರೀ ಡಿಪ್ಲೊಮಾ, ಒಪ್ಪಿದೆ. ಆದರೆ ಯಾವ ನಂಬರಿನ ಪೆಟ್ಟಿಗೆ ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಗೋಡೆಯ ಮೇಲಿರುವ ನಕ್ಷೆ ನನ್ನ ಕೈಬರಹದ್ದು.

ಆ ನಕ್ಷೆಯ ಮುಂದೆ ನಿಂತು ಹುಡುಗಿ ಮೊದಲು ಕೇಳಿದ ಪ್ರಶ್ನೆ ಇದು: "ಅಕ್ಕಾರ, ಇದು ಸರಿ ಅದ ಅಂತ ಕಡೀಕ ಯಾವಾಗ ನೋಡಿದ್ರಿ?"

"ನಾನೇ ಬರ್ದಿರೋದು ಕಣಮ್ಮ" ಎಂದೆ. ಅಷ್ಟಕ್ಕೆ ಅರ್ಥ ಮಾಡಿಕೊಳ್ಳಬೇಕಿತ್ತು.

ಜನವರಿ 16, ಬುಧವಾರ

ಐದು ವರ್ಷಗಳಿಂದ ಸಾರ್ ಬೆಳಗ್ಗೆ ಬಂದವರೇ ನನ್ನ ಮೇಜಿನ ಹತ್ತಿರ ನಿಂತು, "ಏನ್ ವನಜಾ, ಹಾಲ್ ಏನಂತಿದೆ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಈ ವಾರದಲ್ಲಿ ಮೂರು ದಿನ ನೇರವಾಗಿ ಅವಳ ಕಂಪ್ಯೂಟರಿನ ಹತ್ತಿರ ಹೋದರು. ಇವತ್ತಂತೂ ಹೆಲ್ಮೆಟ್ಟನ್ನೂ ತೆಗೆಯದೆ ಹೋದರು. ನಲವತ್ತೊಂದು ವಯಸ್ಸಿನ ಹೆಂಗಸು ಇದಕ್ಕೆಲ್ಲ ಮುಖ ಊದಿಸಿಕೊಳ್ಳಬಾರದು, ಗೊತ್ತು. ಊದಿಸಿಕೊಂಡೆ.

ಅವಳಿಗೆ ಹಾಲಿನಲ್ಲಿ ಮಧ್ಯಾಹ್ನ ಒಂದರಿಂದ ಎರಡರ ಸಮಯ ಕೊಟ್ಟಿದ್ದೇನೆ. ಊಟದ ಹೊತ್ತು, ಪಕ್ಕದ ಕ್ಯಾಂಟೀನಿನ ಮೈಕ್ರೋವೇವ್ ಎಲ್ಲ ಉರಿಯುವ ಹೊತ್ತು, ಅವುಗಳ ಅಲೆ ನಮ್ಮ ರೇಡಿಯೋಗಳಿಗೆ ಅಡ್ಡ ಬಂದು ಗಾಳಿಯಲ್ಲಿ ಗದ್ದಲವೋ ಗದ್ದಲ. "ಚೊಲೋ ಆತ್ರಿ ಅಕ್ಕಾರ, ಗದ್ದಲದಾಗ ನಡದ್ರ ಎಲ್ಲೇ ಇದ್ರೂ ನಡೀತದ" ಎಂದಳು. ಕೊಬ್ಬು.

ಜನವರಿ 29, ಮಂಗಳವಾರ

ದೆಹಲಿಯಿಂದ ಯಾರೋ ನೋಡಲು ಬಂದಿದ್ದರು. ಪ್ರತಿ ಸಲ ಹಾಲನ್ನು ತೋರಿಸುವವಳು ನಾನು. ಈ ಸಲ ಸಾರ್, "ಶಾಂಭವಿ ಹೇಳ್ಲಿ ಬಿಡಿ, ನೀವು ಲೈಟ್ ಹಾಕಿ" ಎಂದರು. ಹಾಕಿದೆ.

ಅವಳ ಕೆಲಸ ಇಷ್ಟು: ಒಂದು ಪೆಟ್ಟಿಗೆಯಿಂದ ಹೊರಟ ಸುದ್ದಿ ಕೈಯಿಂದ ಕೈಗೆ ದಾಟಿ ದೂರದ ಪೆಟ್ಟಿಗೆಗೆ ತಲುಪಬೇಕು. ಬೇರೆಯವರು ದಾರಿಯನ್ನು ಮೊದಲೇ ನಕ್ಷೆ ನೋಡಿ ಹಾಕಿಕೊಡುತ್ತಾರೆ. ಅವಳ ಪೆಟ್ಟಿಗೆಗಳು ನಕ್ಷೆಯನ್ನೇ ನೋಡುವುದಿಲ್ಲ. ಸುತ್ತ ಯಾರ ದನಿ ಚೆನ್ನಾಗಿ ಕೇಳುತ್ತದೋ ಅವರಿಗೆ ದಾಟಿಸುತ್ತವೆ. ಬಂದವರು ಇದು ಹೇಗೆಂದು ಕೇಳಿದಾಗ ತನ್ನ ಇಂಗ್ಲಿಷಿನಲ್ಲಿ, "ನಮ್ಮೂರಿನಲ್ಲಿ ನಕ್ಷೆ ಹಿಡಿದುಕೊಂಡು ಯಾರೂ ಹೋಗುವುದಿಲ್ಲ, ಪಕ್ಕದ ಮನೆಯಲ್ಲಿ ಕೇಳುತ್ತಾರೆ" ಎಂದಳು. ನಕ್ಕರು, ತಲೆದೂಗಿದರು, ಫೋಟೋ ತೆಗೆಸಿಕೊಂಡರು. ಫೋಟೋ ತೆಗೆದವಳು ನಾನು.

ಮೈಯೆಲ್ಲ ಉರಿಯುತ್ತಿದೆ. ವರ್ತೂರಿನ ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಸಮಾಧಾನವಾಗಲಿಲ್ಲ.

ಫೆಬ್ರವರಿ 6, ಬುಧವಾರ

ಹಾಲು ಕುಡಿದಷ್ಟು ಸಂತೋಷ!

ಅವಳ ಪ್ರಯೋಗ ಎಡವಿದೆ. ಹದಿನೆಂಟನೇ ಪೆಟ್ಟಿಗೆಯಿಂದ ಇಪ್ಪತ್ತಕ್ಕೆ ಹೋಗಬೇಕಾದ ಸುದ್ದಿ ನಡುವೆ ಇರುವ ಹತ್ತೊಂಬತ್ತನ್ನು ಬಿಟ್ಟು, ಹಾಲಿನ ಆ ಕಡೆ ಇರುವ ನಲವತ್ತಾರಕ್ಕೆ ಹಾರುತ್ತದೆ, ಅಲ್ಲಿಂದ ತಿರುಗಿ ಇಪ್ಪತ್ತಕ್ಕೆ ಬರುತ್ತದೆ. ಮಾರತ್ತಹಳ್ಳಿಯಿಂದ ಬೆಳ್ಳಂದೂರಿಗೆ ಹೋಗುವವರು ಪೀಣ್ಯ ಸುತ್ತಿಕೊಂಡು ಹೋದ ಹಾಗೆ. ಇಪ್ಪತ್ತು ಸಲ ನಡೆಸಿದಳು, ಇಪ್ಪತ್ತು ಸಲವೂ ಅದೇ.

"ನಿನ್ನ ಪೆಟ್ಟಿಗೆಗೆ ದಾರಿ ಹೇಳಿದ ಪಕ್ಕದ ಮನೆಯವರು ಯಾರಮ್ಮ?" ಎಂದು ಕೇಳಿದೆ. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಫೆಬ್ರವರಿ 13, ಬುಧವಾರ

ಸಾರ್‌ಗೆ ಅಸಮಾಧಾನವಾಗಿದೆ. ಬಾಗಿಲು ತೆರೆದೇ ಇತ್ತು, ಕೇಳಿಸಿತು. "ಶಾಂಭವಿ, ಎದುರುಗಡೆ ಇರೋ ಬಾಕ್ಸ್ ಬಿಟ್ಟು ಅಲ್ಲಿಗ್ಯಾಕೆ ಹೋಗುತ್ತೆ? ನಿಮ್ಮ ಪ್ರೋಗ್ರಾಮ್‌ನಲ್ಲೇ ತಪ್ಪಿದೆ. ಮಾರ್ಚ್ ನಾಲ್ಕಕ್ಕೆ ರಿವ್ಯೂ, ಹೊರಗಿನಿಂದ ಇಬ್ರು ಪ್ರೊಫೆಸರ್ ಬರ್ತಾರೆ. ಇದನ್ನ ತೋರಿಸಿದ್ರೆ ನಾನೂ ಉಳಿಸಕ್ಕಾಗಲ್ಲ."

"ಪ್ರೋಗ್ರಾಮ್ ಮೂರು ಸಲ ನೋಡೀನ್ರಿ ಸರ. ಡಬ್ಬಿಗೋಳು ಸುಳ್ಳ ಹೇಳಂಗಿಲ್ರಿ."

ಹೊರಗೆ ಬಂದವಳು ಕಾರಿಡಾರಿನಲ್ಲಿ ಅಮ್ಮನಿಗೆ ಫೋನ್ ಮಾಡಿದಳು. ತಾಯಿ ಮಲಕವ್ವ ಬೆಳ್ಳಂದೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾಳಂತೆ, ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದಾರಂತೆ. ಈ ಕೆಲಸ ಹೋದರೆ ಇಬ್ಬರೂ ಊರಿಗೆ. ಫೋನಿನಲ್ಲಿ ಮಾತ್ರ, "ಎಲ್ಲಾ ಚೊಲೋ ನಡದದ ಬೇ" ಎನ್ನುತ್ತಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ನಾನೇನು ಅವಳ ಊಟ ಕಾಯುವವಳಲ್ಲ, ಕಣ್ಣಿಗೆ ಬಿತ್ತು.

ಫೆಬ್ರವರಿ 20, ಬುಧವಾರ

ಅಕ್ಷರ ಹೇಗಾದರೂ ಬರಲಿ, ಈಗಲೇ ಬರೆದುಬಿಡಬೇಕು.

ಹತ್ತೊಂಬತ್ತನೇ ಪೆಟ್ಟಿಗೆ ಗಟ್ಟಿಮುಟ್ಟಾಗಿದೆ, ತಪ್ಪು ಹುಡುಗಿಯದೇ ಎಂದು ಸಾರ್‌ಗೆ ಪುರಾವೆ ಸಮೇತ ತೋರಿಸಬೇಕೆಂದು ಹೊರಟೆ. ಅವಳು ಲೈಬ್ರರಿಗೆ ಹೋದ ಹೊತ್ತು ನೋಡಿ ಮುನಿಯಣ್ಣನ ಕೈಯಲ್ಲಿ ಏಣಿ ಹಾಕಿಸಿದೆ. ಮುನಿಯಣ್ಣ ಈ ಊರಿನ ಮೂಲದವನು, ಸ್ವಂತದ್ದು ಮೂರು ಮನೆ ಬಾಡಿಗೆಗೆ ಬಿಟ್ಟಿದ್ದಾನೆ. ಮನೆಯಲ್ಲಿ ಕೂತರೆ ಹೊತ್ತು ಹೋಗುವುದಿಲ್ಲವೆಂದು ನಮ್ಮಲ್ಲಿ ಅಟೆಂಡರ್. ಅವನು ಏಣಿ ಹಿಡಿದ. ನಾನು ಹತ್ತಿ ಹತ್ತೊಂಬತ್ತನೇ ಕೊಕ್ಕೆಯ ಪೆಟ್ಟಿಗೆಗೆ ಲ್ಯಾಪ್‌ಟಾಪಿನ ವೈರು ಚುಚ್ಚಿದೆ. ಪ್ರತಿ ಪೆಟ್ಟಿಗೆಯೂ ತನ್ನ ನಂಬರನ್ನು ಒಳಗೆ ಇಟ್ಟುಕೊಂಡಿರುತ್ತದೆ, ಕೇಳಿದರೆ ಹೇಳುತ್ತದೆ. ಕೇಳಿದೆ. ನಲವತ್ತಾರು ಎಂದಿತು.

ಇಳಿದು, ಏಣಿ ತಳ್ಳಿಸಿ, ನಲವತ್ತಾರನೇ ಕೊಕ್ಕೆಗೆ ಹತ್ತಿ ಕೇಳಿದೆ. ಹತ್ತೊಂಬತ್ತು ಎಂದಿತು.

ಏಣಿಯ ಮೇಲೆಯೇ ಎಲ್ಲ ನೆನಪಾಯಿತು. ಹೋದ ಅಕ್ಟೋಬರ್, ಆಯುಧಪೂಜೆ. ಅರವತ್ತನಾಲ್ಕನ್ನೂ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆದೆವು. ಬೇರೆ ಲ್ಯಾಬಿನವರು ಒಂದು ಪೆಟ್ಟಿಗೆಗೆ ಕುಂಕುಮ ಇಟ್ಟು ಕೈಮುಗಿದರೆ ಮುಗಿಯಿತು. ನನಗೆ ಒಂದೊಂದಕ್ಕೂ ಆಗಬೇಕು ಎಂಬ ಹಟ. ಮತ್ತೆ ನೇತುಹಾಕುವಾಗ ಎರಡು ಪೆಟ್ಟಿಗೆಗಳ ಮೇಲಿನ ನಂಬರಿನ ಚೀಟಿ ಒರೆಸಿದ ನೀರಿಗೆ ಅಳಿಸಿಹೋಗಿತ್ತು. ಎಲ್ಲರೂ ಕಡ್ಲೆಪುರಿ ಪೊಟ್ಟಣ ಹಿಡಿದು ಮನೆಗೆ ಹೊರಡುವ ಆತುರದಲ್ಲಿದ್ದರು. ವೈರು ಚುಚ್ಚಿ ಕೇಳಬಹುದಿತ್ತು, ಎರಡು ನಿಮಿಷದ ಕೆಲಸ. "ನನ್ನ ಪೆಟ್ಟಿಗೆ ನನಗೆ ಗೊತ್ತಾಗಲ್ವಾ?" ಎಂದು ಜಂಬ ಕೊಚ್ಚಿ ನೇತುಹಾಕಿಬಿಟ್ಟೆ. ಹೊಸ ಚೀಟಿಯನ್ನೂ ನಾನೇ ಅಂಟಿಸಿದೆ.

ಅಂದರೆ ಅವಳ ಪೆಟ್ಟಿಗೆಗಳು ಎಲ್ಲಿಗೂ ಹಾರಿಲ್ಲ. ಪಕ್ಕದ ಮನೆಗೇ ಹೋಗಿವೆ. ನನ್ನ ನಕ್ಷೆಯನ್ನು ನೋಡದೆಯೇ ನನ್ನ ನಕ್ಷೆಯ ತಪ್ಪನ್ನು ಹಿಡಿದಿವೆ.

ಫೆಬ್ರವರಿ 22, ಶುಕ್ರವಾರ

ಹೇಳಿಲ್ಲ.

ಹೇಳುವುದೂ ಸುಲಭವಲ್ಲ. ಈ ನಾಲ್ಕು ತಿಂಗಳಲ್ಲಿ ಹನ್ನೊಂದು ತಂಡಗಳು ಇಲ್ಲಿ ಪ್ರಯೋಗ ಮಾಡಿವೆ. ಹತ್ತೊಂಬತ್ತು ಯಾಕೋ ಸರಿಯಿಲ್ಲ ಎಂದು ಇಬ್ಬರು ಮೂವರು ಹೇಳಿದ್ದರು. "ಅದು ಅಷ್ಟೆ, ಸರಾಸರಿ ತೆಗೆದಾಗ ಸರಿಹೋಗುತ್ತೆ" ಎಂದು ನಾನೇ ಸಮಾಧಾನ ಮಾಡಿ ಕಳಿಸಿದ್ದೆ. ಈಗ ಅವರಿಗೆಲ್ಲ ಯಾವ ಮುಖ ಇಟ್ಟುಕೊಂಡು ಹೇಳಲಿ?

ಇದು ನಿಜವಾದ ಕಾರಣವಲ್ಲ. ಯಾರೂ ಓದದ ಡೈರಿಯಲ್ಲೂ ಸುಳ್ಳು ಬರೆದರೆ ಹೇಗೆ? ಹೇಳಿದರೆ ಅವಳು ಗೆಲ್ಲುತ್ತಾಳೆ. ಸಾರ್ ಅವಳನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಆ ಮೆರವಣಿಗೆಗೆ ನಾನೇ ದೀಪ ಹಿಡಿಯಬೇಕು. ನನ್ನಿಂದ ಆಗುವುದಿಲ್ಲ.

ಅವಳು ಇವತ್ತು ಕೆಮ್ಮುತ್ತಿದ್ದಳು. ಎ.ಸಿ. ಗಾಳಿ ನೇರವಾಗಿ ಅವಳ ಮೇಲೆ ಬೀಸುತ್ತದೆ. ಮುನಿಯಣ್ಣನಿಗೆ ಹೇಳಿ ರೆಕ್ಕೆ ತಿರುಗಿಸಿದೆ. ಆ ಕೆಮ್ಮು ಕೇಳಿಕೊಂಡು ಕೆಲಸ ಮಾಡುವುದು ಹೇಗೆ?

ಫೆಬ್ರವರಿ 27, ಬುಧವಾರ

ಒಂದು ಒಳ್ಳೆಯ ಉಪಾಯ ಹೊಳೆಯಿತು ಎಂದುಕೊಂಡು ಮಾಡಿದೆ. ಬೆಳಗ್ಗೆ ಏಳೂವರೆಗೆಲ್ಲ ಬಂದು, ಬೀಗ ತೆಗೆದ ಮುನಿಯಣ್ಣನ ಹೊರತು ಯಾರೂ ಬರುವ ಮೊದಲು ಎರಡೂ ಪೆಟ್ಟಿಗೆಗಳನ್ನು ಬಿಚ್ಚಿ ಅದಲುಬದಲು ಮಾಡಿ ನೇತುಹಾಕಿದೆ. ಈಗ ನಕ್ಷೆ ಸರಿ. ಅವಳ ಸುದ್ದಿ ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು ಎಂದು ನೆಟ್ಟಗೆ ಹೋಗುತ್ತದೆ. ಅವಳ ಕೆಲಸ ಉಳಿಯುತ್ತದೆ, ನನ್ನ ಮರ್ಯಾದೆಯೂ ಉಳಿಯುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಇಷ್ಟು ಬುದ್ಧಿವಂತೆಯಾದ ನಾನು ಬರೀ ಡಿಪ್ಲೊಮಾದಲ್ಲಿ ಯಾಕೆ ನಿಂತೆ ಎಂದುಕೊಂಡೆ.

ಮಧ್ಯಾಹ್ನ ಅವಳು ನಡೆಸಿದಳು. ನೆಟ್ಟಗೆ ಹೋಯಿತು. ಕುಣಿದಾಡುತ್ತಾಳೆಂದು ಕಾದೆ. ಅವಳ ಮುಖ ಬಿಳಿಚಿಕೊಂಡಿತು.

"ಅಕ್ಕಾರ, ನಿನ್ನಿ ತನಕ ಒಂದ, ಇವತ್ತ ಒಂದ. ನಾ ಏನೂ ಬದ್ಲ ಮಾಡಿಲ್ರಿ. ಒಂದ ಅಕ್ಷರನೂ ಬದ್ಲ ಮಾಡಿಲ್ಲ."

"ಸರಿಹೋಯ್ತಲ್ಲ, ಖುಷಿ ಪಡು."

"ಹೆಂಗ ಖುಷಿ ಪಡ್ಲಿ? ತಾನಾಗೇ ಕೆಟ್ಟು ತಾನಾಗೇ ಸರಿ ಆದದ್ದು ನಾಳಿಗಿ ಮತ್ತ ಕೆಡ್ತದ. ಇದನ್ನ ಯಾರ ನಂಬ್ತಾರ?"

ಸಾರ್ ಕೂಡ ಅದನ್ನೇ ಹೇಳಿದರು. ತಪ್ಪಾದರೂ ಪ್ರತಿ ಸಲ ಅದೇ ತಪ್ಪು ಬಂದರೆ ಹುಡುಕಬಹುದು, ಏನೂ ಮಾಡದೆ ಉತ್ತರವೇ ಬದಲಾದರೆ ಆ ವಿಧಾನವನ್ನು ಯಾರೂ ಮುಟ್ಟುವುದಿಲ್ಲ ಎಂದರು. ಅವಳ ಕೈಯಲ್ಲಿದ್ದ ಒಂದೇ ಒಂದು ಗಟ್ಟಿ ಆಧಾರವನ್ನು ನಾನೇ ಏಣಿ ಹತ್ತಿ ಕಿತ್ತುಹಾಕಿದ್ದೇನೆ.

ಮಾರ್ಚ್ 1, ಶುಕ್ರವಾರ

ರಿವ್ಯೂನಲ್ಲಿ ಶಾಂಭವಿ ತಾನಾಗಿಯೇ ಕೆಲಸ ಹಿಂತೆಗೆದುಕೊಳ್ಳುತ್ತಾಳಂತೆ. ಸಾರ್ ಬೇಡವೆನ್ನಲಿಲ್ಲ.

ಮುನಿಯಣ್ಣ ಟೀ ಲೋಟ ಇಟ್ಟವನು ಹೋಗದೆ ನಿಂತ. "ಅಕ್ಕಾ, ನೀವು ಅವತ್ತು ಇಳ್ಸಿದ್ದು ಏರ್ಸಿದ್ದು ಯಾಕೆ ಅಂತ ನಂಗೊತ್ತಿಲ್ಲ, ಕೇಳಾದೂ ಇಲ್ಲ. ಅವತ್ತಿಂದ ಆ ಹೆಣ್ಮಗ ಯಾಕಿಂಗೆ ಒಣಗೋಗೈತೆ, ಅದೊಂದು ಏಳಿ."

"ನಂಗೇನ್ ಗೊತ್ತು ಮುನಿಯಣ್ಣ" ಎಂದೆ. ಅವನು ಟೇಬಲ್ ಒರೆಸಿಕೊಂಡು ಹೋದ. ಒರೆಸುವಂಥದ್ದು ಏನೂ ಇರಲಿಲ್ಲ.

ಮಾರ್ಚ್ 4, ಸೋಮವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಹೊರಗಿನ ಇಬ್ಬರು ಪ್ರೊಫೆಸರ್‌ಗಳು, ಸಾರ್, ನಮ್ಮವರು ಏಳೆಂಟು ಜನ. ನಾನು ಪ್ರೊಜೆಕ್ಟರ್ ಪಕ್ಕ. ಶಾಂಭವಿ ನೀಲಿ ಸೀರೆ ಉಟ್ಟು ಬಂದಿದ್ದಳು. ತಾಯಿಯದಿರಬೇಕು, ಅಂಚು ಸವೆದಿತ್ತು. ಪರದೆಯ ಮೇಲೆ ಮೊದಲು ಮೂರು ವಾರ ಬಂದ ದಾರಿ ತೋರಿಸಿದಳು, ಆಮೇಲೆ ಕಳೆದ ಬುಧವಾರದ ದಾರಿ. ಇಂಗ್ಲಿಷಿನಲ್ಲಿ ಶುರು ಮಾಡಿದವಳು ಕೊನೆಗೆ ಸಾರ್ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು. "ಇವೆರಡರಾಗ ಯಾವುದು ಖರೆ ಅಂತ ನನಗ ಗೊತ್ತಿಲ್ರಿ ಸರ. ಈ ವಿಧಾನ ನಂಬಾಕ ಬರಂಗಿಲ್ಲ ಅಂತ ಬರ್ಕೊಳ್ರಿ." ಅಳಲಿಲ್ಲ. ಅತ್ತಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ.

ನಾನು ಎದ್ದು ನಿಂತಿದ್ದೆ. ಏಳಬೇಕೆಂದು ತೀರ್ಮಾನ ಮಾಡಿದ್ದು ನೆನಪಿಲ್ಲ. "ಸಾರ್, ಅವಳು ಏನೂ ಬದಲಾಯಿಸಿಲ್ಲ. ಬದಲಾಯಿಸಿದ್ದು ನಾನು. ಎರಡೂ ಖರೆ" ಎಂದೆ. ಆಯುಧಪೂಜೆಯಿಂದ ಹಿಡಿದು ಬುಧವಾರ ಬೆಳಗಿನವರೆಗೆ ಎಲ್ಲವನ್ನೂ ಹೇಳಿದೆ.

ಹಿರಿಯ ಪ್ರೊಫೆಸರ್ ಒಬ್ಬರು, ಹಾಗಿದ್ದರೆ ನಮ್ಮ ಮುಂದೆಯೇ ಮತ್ತೆ ಬದಲಾಯಿಸಿ ತೋರಿಸಿ ಎಂದರು. ಎಲ್ಲರೂ ಹಾಲಿಗೆ ಬಂದರು. ಮುನಿಯಣ್ಣ ಏಣಿ ಹಿಡಿದ, ನಾನು ಅದಲುಬದಲು ಮಾಡಿದೆ. ಶಾಂಭವಿ ಪ್ರಯೋಗ ನಡೆಸಿದಳು. ಹದಿನೆಂಟು, ನಲವತ್ತಾರು, ಇಪ್ಪತ್ತು. ಮತ್ತೆ ನಡೆಸಿದಳು. ಅದೇ. ಪ್ರೊಫೆಸರ್ ಕನ್ನಡಕ ತೆಗೆದು ಪರದೆಗೆ ಮುಖ ಹಚ್ಚಿದರು. "ಇದು ನಕ್ಷೆ ಇಲ್ದೆ ನಕ್ಷೆ ತಪ್ಪು ಅಂತ ಹೇಳುತ್ತಾ!" ಅಷ್ಟೇ, ಎಲ್ಲರೂ ಅವಳನ್ನು ಸುತ್ತುವರಿದರು. ನಾನು ಇನ್ನೂ ಏಣಿಯ ಮೇಲಿದ್ದೆ. ಬೈಯುವುದಕ್ಕಾದರೂ ಒಬ್ಬರು ನನ್ನ ಕಡೆ ನೋಡಬಾರದೇ? ನನ್ನ ತಪ್ಪು ಕೂಡ ಅವಳ ಸಾಧನೆಯಾಗಿಹೋಯಿತು.

ಕೊನೆಗೆ ಸಾರ್‌ಗೆ ನೆನಪಾಯಿತು. "ವನಜಾ, ನಿಮಗೆ ಇದು ಯಾವತ್ತು ಗೊತ್ತಾಗಿದ್ದು?"

"ಫೆಬ್ರವರಿ ಇಪ್ಪತ್ತಕ್ಕೆ ಸಾರ್."

"ಇಷ್ಟು ದಿನ ಯಾಕೆ ಸುಮ್ಮನಿದ್ರಿ?"

"ಹೊಟ್ಟೆಕಿಚ್ಚು ಸಾರ್" ಎಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. ಸಾರ್ ಅಂತೂ ಕಣ್ಣೊರೆಸಿಕೊಂಡು ನಕ್ಕರು, "ಏನ್ ವನಜಾ ನೀವು!" ಎಂದರು. ಶಾಂಭವಿ ನಗಲಿಲ್ಲ. ಏಣಿಯ ಮೇಲಿದ್ದ ನನ್ನನ್ನೇ ನೋಡುತ್ತಿದ್ದಳು.

ಮಾರ್ಚ್ 6, ಬುಧವಾರ

ಹನ್ನೊಂದು ತಂಡಗಳಿಗೂ ಇಮೇಲ್ ಕಳಿಸಿದೆ. ಸಾರ್ "ತಾಂತ್ರಿಕ ಕಾರಣಗಳಿಂದ" ಎಂದು ಶುರು ಮಾಡಿಸಿದ್ದರು. ಅದನ್ನು ತೆಗೆದುಹಾಕಿ, ಎರಡು ಪೆಟ್ಟಿಗೆಗಳನ್ನು ನಾನು ತಪ್ಪಾಗಿ ನೇತುಹಾಕಿದ್ದೆ ಎಂದು ಬರೆದು ಹೆಸರು ಹಾಕಿದೆ. ನಾಲ್ಕು ತಂಡದವರು ಪ್ರಯೋಗವನ್ನು ಮತ್ತೆ ಮಾಡಬೇಕಂತೆ. ಒಬ್ಬರು ಬಹಳ ಕಟುವಾಗಿ ಬರೆದಿದ್ದಾರೆ, ಬರೆಯಲಿ. ಇನ್ನು ಮೇಲೆ ಪೆಟ್ಟಿಗೆ ನೇತುಹಾಕಿದರೆ ಇಬ್ಬರು ಪರೀಕ್ಷಿಸಿ ಸಹಿ ಹಾಕಬೇಕೆಂದು ಸಾರ್ ನಿಯಮ ಮಾಡಿದ್ದಾರೆ. ಹತ್ತು ದಿನದ ಹಿಂದೆ ಇದನ್ನು ಕೇಳಿದ್ದರೆ ರಾಜೀನಾಮೆ ಬರೆಯುತ್ತಿದ್ದೆ.

ಅವಳಿಗೆ ಎರಡು ವರ್ಷ ಮುಂದುವರಿಸಿದ್ದಾರೆ. ಮುನಿಯಣ್ಣ ಹೇಳಿದ. ಅವಳು ಹೇಳಲಿಲ್ಲ. ಎರಡು ದಿನದಿಂದ ನನ್ನ ಹತ್ತಿರ ಒಂದು ಮಾತೂ ಆಡಿಲ್ಲ.

ಮಾರ್ಚ್ 8, ಶುಕ್ರವಾರ

ಮಾತಿಲ್ಲ. ಒಂದು ಥ್ಯಾಂಕ್ಸ್ ಆದರೂ ಹೇಳಬಹುದಿತ್ತು. ಎದ್ದು ನಿಂತು ಹೇಳಿದವಳು ನಾನೇ ತಾನೆ?

ಮುಚ್ಚಿಟ್ಟವಳೂ ನಾನೇ. ಹೌದು.

ಮಾರ್ಚ್ 11, ಸೋಮವಾರ

ಹೊಸದಾಗಿ ಬಂದಿರುವ ಪಿಎಚ್.ಡಿ.ಯವನೊಬ್ಬ ಊಟದ ಹೊತ್ತಿನಲ್ಲಿ ಶಾಂಭವಿಯ ಮಾತಿನ ಧಾಟಿಯನ್ನು ಅಣಕಿಸಿ, ಆ ಫಲಿತಾಂಶ ಅದೃಷ್ಟದಿಂದ ಬಂದದ್ದು ಎಂದ. ಕ್ಯಾಂಟೀನಿನ ತುಂಬ ಜನ ತಿರುಗಿ ನೋಡುವ ಹಾಗೆ ಉಗಿದೆ. ಆರೇಳು ವಾರ ಗದ್ದಲದ ಹೊತ್ತಿನಲ್ಲೇ ಕೆಲಸ ಮಾಡಿ ತೋರಿಸು, ಆಮೇಲೆ ಅದೃಷ್ಟದ ಮಾತಾಡು ಎಂದೆ. ನನ್ನ ಹಾಲಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಸಹಿಸಲಾಗುವುದಿಲ್ಲ, ಅಷ್ಟೆ.

ಅವಳಿಗೆ ಬೆಳಗಿನ ಹತ್ತರ ಸಮಯ ಕೊಟ್ಟಿದ್ದೇನೆ. ಪಟ್ಟಿಯಲ್ಲಿ ಖಾಲಿ ಇತ್ತು.

ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಂಪನಿಯವನು ಮಧ್ಯಾಹ್ನ ಬಂದು ಅವಳ ಜೊತೆ ಅರ್ಧ ಗಂಟೆ ಮಾತಾಡಿದ. ನಗುನಗುತ್ತಾ ಉತ್ತರ ಕೊಡುತ್ತಿದ್ದಳು. ಅವನ ಜೊತೆ ಮಾತಾಡಲು ಬಾಯಿದೆ. ಸಂಜೆಯವರೆಗೆ ನನಗೆ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ.

ಮಾರ್ಚ್ 14, ಗುರುವಾರ

ಇವತ್ತು ಹತ್ತು ಗಂಟೆಗೆ ಹಾಲಿನಲ್ಲಿ ಶಾಂಭವಿ, ಸಾರ್, ನಾನು ಇದ್ದೆವು. ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿ ಚಾವಣಿ ನೋಡುತ್ತಾ ನಿಂತಿದ್ದಳು. ಹತ್ತು ದಿನದ ಮೇಲೆ ದನಿ ಬಂತು.

"ವನಜಕ್ಕಾರ, ಐವತ್ತೆರಡು ಯಾಕ ಇಷ್ಟ ಬಿಸಿ ಆಗ್ಲಿಕ್ಹತ್ಯದ?"

ಫ್ಯಾನ್ ಹಳೆಯದು, ಅದು ಅಷ್ಟೆ ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. "ಗೊತ್ತಿಲ್ಲ ಕಣೆ, ಇಳಿಸಿ ನೋಡೋಣ" ಎಂದೆ.

ಮುನಿಯಣ್ಣನನ್ನು ಕರೆಯಲು ಹೊರಟರೆ ಬೇಡವೆಂದು ತಾನೇ ಏಣಿ ಎಳೆದುಕೊಂಡು ಬಂದಳು. ನಾನು ಹತ್ತಿದೆ. ಅವಳು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. "ಇನ್ನೂ ಸಿಟ್ಟು ಹೋಗಿಲ್ರಿ" ಎಂದು ಕೆಳಗಿನಿಂದ ಹೇಳಿದಳು. "ಹೋಗೋದು ಬೇಡ, ಏಣಿ ಬಿಡಬೇಡ" ಎಂದೆ.

ಸಾರ್ ಪಕ್ಕದಲ್ಲೇ ನಿಂತಿದ್ದರು. ಐವತ್ತೆರಡರ ಬಗ್ಗೆ ಅವಳು ಅವರನ್ನು ಕೇಳಬಹುದಿತ್ತು. ಕೇಳಲಿಲ್ಲ, ನನ್ನನ್ನೇ ಕೇಳಿದಳು.